ಹಳೇ ಗಾಡಿಯ ತಳ ತುಕ್ಕು ಹಿಡಿದಿದೆಯಾ? ಎಷ್ಟು ಎಂಎಂ ತಗಡು ಹಾಕಿಸಬೇಕು ಅನ್ನೋದಕ್ಕೆ ಇಲ್ಲಿದೆ ಲೆಕ್ಕ

ಹಾವೇರಿ: ಮಳೆಗಾಲ ಮುಗಿದು ಗೋವಿನಜೋಳದ ಲೋಡು ಶುರುವಾಗುವ ಹೊತ್ತಿಗೆ ಊರೂರಿನ ವೆಲ್ಡಿಂಗ್ ಶೆಡ್‌ಗಳ ಮುಂದೆ ಹಳೇ ಗಾಡಿಗಳು ಸಾಲು ಹಚ್ಚುತ್ತವೆ. ಛೋಟಾ ಹಾಥಿ, ಪಿಕಪ್, 407, ಹಳೇ ಲಾರಿ ಎಲ್ಲದರದ್ದೂ ಒಂದೇ ಕಥೆ. ನಾಲ್ಕು ತಿಂಗಳು ನೀರು, ಕೆಸರು, ಗೊಬ್ಬರದ ಪುಡಿ ಕೂತು ತಳದ ತಗಡು ಬಿಸ್ಕತ್ತಿನ ಹಾಗೆ ಪುಡಿಯಾಗಿರುತ್ತದೆ. ಹಮಾಲರು ಚೀಲ ಹೊತ್ತು ಗಾಡಿ ಹತ್ತಿದರೆ ಕಾಲಡಿ ತಗಡು ಬಗ್ಗುತ್ತದೆ. ಎಫ್‌ಸಿ ದಿನಾಂಕ ಬೇರೆ ಹತ್ತಿರ ಬಂದಿರುತ್ತದೆ.

ಶೆಡ್‌ನಲ್ಲಿ ಎದುರಾಗುವ ಮೊದಲ ಪ್ರಶ್ನೆ: "ಎಷ್ಟು ಎಂಎಂ ಹಾಕೋಣ್ರಿ?" ಗಾಡಿ ಮಾಲೀಕರಲ್ಲಿ ಬಹಳ ಜನ ಕೊಡುವ ಉತ್ತರ: "ದಪ್ಪಂದು ಹಾಕ್ರಿ, ಮತ್ತ ಮತ್ತ ಬರೂದು ಬ್ಯಾಡ." ಇನ್ನು ಕೆಲವರು ಮನೆಯ ಹಿಂದೆ ಉಳಿದ ಚಾವಣಿ ತಗಡನ್ನೇ ತಂದು, "ಇದನ್ನ ಹೊಡದು ಬಿಡ್ರಿ" ಅನ್ನುತ್ತಾರೆ. ಎರಡೂ ನಷ್ಟದ ಹಾದಿಯೇ. ಅತಿ ದಪ್ಪ ತಗಡು ಪ್ರತಿ ಟ್ರಿಪ್ಪಿನಲ್ಲೂ ನಿಮ್ಮ ಲೋಡನ್ನು ತಿನ್ನುತ್ತದೆ. ತೆಳು ತಗಡು ಯಾರದೋ ಕಾಲು ಮುರಿಯುತ್ತದೆ.

ಹಾಗಾದರೆ ಸರಿಯಾದ ದಪ್ಪ ಯಾವುದು? ಒಂದೇ ಸಾಲಿನಲ್ಲಿ ಹೇಳುವುದಾದರೆ, ತಗಡಿನ ದಪ್ಪವನ್ನು ಅದರ ಕೆಳಗಿರುವ ಅಡ್ಡ ಚಾನೆಲ್, ಅದರ ಮೇಲೆ ಬೀಳುವ ಮಾಲು ಮತ್ತು ಅದನ್ನು ಸೇರಿಸುವ ಹಳೇ ತಗಡು, ಈ ಮೂರನ್ನೂ ನೋಡಿ ನಿರ್ಧರಿಸಬೇಕು. ಲೆಕ್ಕ ಕಷ್ಟದ್ದೇನಲ್ಲ. ಅಂಗಡಿಯ ಕ್ಯಾಲ್ಕುಲೇಟರ್ ಸಾಕು.

ಗೇಜ್ ಬೇಡ, ಎಂಎಂನಲ್ಲಿ ಕೇಳಿ

ಮೊದಲು ಅಳತೆಯ ಗೊಂದಲ ಬಗೆಹರಿಸಿಕೊಳ್ಳೋಣ. ಕಬ್ಬಿಣದ ಅಂಗಡಿಯಲ್ಲಿ ಹಳಬರು ಇನ್ನೂ ಗೇಜ್ ಲೆಕ್ಕದಲ್ಲೇ ಮಾತಾಡುತ್ತಾರೆ. ಇಲ್ಲಿ ನೆನಪಿಡಬೇಕಾದ್ದು, ಗೇಜ್ ನಂಬರ್ ದೊಡ್ಡದಾದಷ್ಟೂ ತಗಡು ತೆಳು. 20 ಗೇಜ್ ಅಂದರೆ ಸುಮಾರು 0.9 ಎಂಎಂ, 18 ಗೇಜ್ ಅಂದರೆ 1.2 ಎಂಎಂ, 16 ಗೇಜ್ ಅಂದರೆ 1.6 ಎಂಎಂ, 14 ಗೇಜ್ ಅಂದರೆ 2 ಎಂಎಂ, 12 ಗೇಜ್ ಅಂದರೆ ಸುಮಾರು 2.6 ಎಂಎಂ, 10 ಗೇಜ್ ಅಂದರೆ ಸುಮಾರು 3.2 ಎಂಎಂ.

ಇದು ಬ್ರಿಟಿಷ್ ಕಾಲದಿಂದ ನಮ್ಮಲ್ಲಿ ನಡೆದು ಬಂದ ಲೆಕ್ಕ. ಅಮೆರಿಕದ ಗೇಜ್ ಲೆಕ್ಕ ಬೇರೆ ಇದೆ. ಅದರಲ್ಲಿ 16 ಗೇಜ್ ಅಂದರೆ 1.5 ಎಂಎಂ ಆಸುಪಾಸು, 14 ಗೇಜ್ ಅಂದರೆ 1.9 ಎಂಎಂ. ಯೂಟ್ಯೂಬ್‌ನಲ್ಲಿ ವಿದೇಶಿ ಪಿಕಪ್ ರಿಪೇರಿ ನೋಡಿ ಬಂದು ಅದೇ ನಂಬರ್ ಕೇಳಿದರೆ ಸ್ವಲ್ಪ ಬೇರೆ ದಪ್ಪದ ತಗಡು ಕೈಗೆ ಬರುತ್ತದೆ. ಅದಕ್ಕೇ ಗೇಜ್ ಬಿಟ್ಟು ಎಂಎಂನಲ್ಲೇ ಕೇಳಿ. ಬಿಲ್ಲಿನಲ್ಲೂ ಎಂಎಂ ಬರೆಸಿ.

ಮೊದಲಿದ್ದ ದಪ್ಪ ಅಳೆಯುವುದು ಹೇಗೆ?

ಹೊಸ ತಗಡು ತರುವ ಮೊದಲು ಕಂಪನಿಯವರು ಹಾಕಿದ್ದ ತಗಡು ಎಷ್ಟು ದಪ್ಪ ಇತ್ತು ಅಂತ ತಿಳಿದುಕೊಳ್ಳಬೇಕು. ತುಕ್ಕು ಹಿಡಿದ ಜಾಗದಲ್ಲಿ ಅಳೆದರೆ ಉತ್ತರ ತಪ್ಪು ಬರುತ್ತದೆ. ತುಕ್ಕು ಉಬ್ಬಿಕೊಳ್ಳುವ ವಸ್ತು. ಒಂದು ಎಂಎಂ ಕಬ್ಬಿಣ ತಿಂದು ಹಲವು ಎಂಎಂ ಪದರವಾಗಿ ಎದ್ದು ನಿಲ್ಲುತ್ತದೆ. ಹೊರಗಿನಿಂದ ದಪ್ಪ ಕಂಡರೂ ಒಳಗೆ ಲೋಹ ಕಾಗದದಷ್ಟೇ ಉಳಿದಿರಬಹುದು.

ಸರಿಯಾದ ಕ್ರಮ ಹೀಗೆ. ನೀರು ತಾಗದ, ಸವೆಯದ ಜಾಗ ಹುಡುಕಿ. ಸೀಟಿನ ಹಿಂಭಾಗ, ಪಕ್ಕದ ಗೋಡೆಯ ಬುಡ, ಮಡಿಚಿದ ಅಂಚು ಇಂಥ ಕಡೆ ಹಳೇ ತಗಡು ಚೆನ್ನಾಗಿ ಉಳಿದಿರುತ್ತದೆ. ಎರಡೂ ಬದಿ ಪೇಂಟು ಕೆರೆದು ವರ್ನಿಯರ್ ಅಥವಾ ಸ್ಕ್ರೂ ಗೇಜ್ ಹಚ್ಚಿ. ಇವು ಯಾವ ಲೇತ್ ಅಂಗಡಿಯಲ್ಲೂ ಸಿಗುತ್ತವೆ. ಮೂರು ನಾಲ್ಕು ಕಡೆ ಅಳೆದು ಬರೆದುಕೊಳ್ಳಿ. ನಿಮ್ಮ ಗಾಡಿಗೆ ಅದೇ ಆಧಾರದ ಅಳತೆ.

ಆಮೇಲೆ ತುಕ್ಕು ಎಲ್ಲಿಯವರೆಗೆ ಹಬ್ಬಿದೆ ಅಂತ ನೋಡಿ. ವೈರ್ ಬ್ರಷ್ ಹಾಕಿ ಪುಡಿ ಉದುರಿಸಿ. ಸಣ್ಣ ಸುತ್ತಿಗೆಯಿಂದ ಮೆಲ್ಲಗೆ ಬಡಿದರೆ ಗಟ್ಟಿ ತಗಡು "ಠಣ್" ಅನ್ನುತ್ತದೆ, ಸತ್ತ ತಗಡು "ದಬ್" ಅನ್ನುತ್ತದೆ. ಸ್ಕ್ರೂಡ್ರೈವರ್ ತುದಿಯಿಂದ ಒತ್ತಿ ನೋಡಿ. ಒಳಗೆ ಇಳಿದರೆ ಆ ಜಾಗ ಕತ್ತರಿಸಲೇಬೇಕು. ಕತ್ತರಿಸುವಾಗಲೂ ತೂತಿನ ಅಂಚಿಗೇ ನಿಲ್ಲಬಾರದು. ಗಟ್ಟಿ ಲೋಹ ಸಿಗುವ ತನಕ, ಅಲ್ಲಿಂದ ಮತ್ತೆ ಒಂದೆರಡು ಇಂಚು ಆಚೆಗೆ ಹೋಗಬೇಕು.

ಕ್ಯಾಬಿನ್ ತಳ: 1.2 ಎಂಎಂ ಸಾಕು, ಆದರೆ ಎಲ್ಲಾ ಕಡೆ ಅಲ್ಲ

ಗಾಡಿಯಲ್ಲಿ ತಳ ಅಂದರೆ ಎರಡು: ಡ್ರೈವರ್ ಕಾಲಿಡುವ ಕ್ಯಾಬಿನ್ ತಳ ಒಂದು, ಮಾಲು ಹೊರುವ ಹಿಂದಿನ ತಳ ಇನ್ನೊಂದು. ಎರಡಕ್ಕೂ ಒಂದೇ ತಗಡು ಹಾಕುವುದು ಬಹಳ ಕಡೆ ಕಾಣುವ ತಪ್ಪು.

ಕ್ಯಾಬಿನ್ ತಳದ ತಗಡು ಸಾಮಾನ್ಯವಾಗಿ 0.8ರಿಂದ 1.2 ಎಂಎಂ ಒಳಗೇ ಇರುತ್ತದೆ. ಅಷ್ಟು ತೆಳು ತಗಡು ಡ್ರೈವರ್ ಭಾರ ತಡೆಯುವುದು ಅದರ ಮೇಲಿನ ಉಬ್ಬು ಗೆರೆಗಳಿಂದ, ಮಡಿಕೆಗಳಿಂದ. ಇಲ್ಲಿ ರಿಪೇರಿಗೆ 1.2 ಎಂಎಂ ತಗಡು ಸರಿಹೊಂದುತ್ತದೆ. 1 ಎಂಎಂ ಆದರೆ ಕೈಸುತ್ತಿಗೆಯಲ್ಲೇ ಆಕಾರಕ್ಕೆ ಬರುತ್ತದೆ, ಆದರೆ ಉಬ್ಬು ಗೆರೆ ಇಲ್ಲದೆ ಚಪ್ಪಟೆಯಾಗಿ ಹಾಕಿದರೆ ಕಾಲಿಟ್ಟಾಗ "ಡಬ್ ಡಬ್" ಅನ್ನುತ್ತದೆ. 1.6 ಎಂಎಂ ಬಗ್ಗಿಸುವುದು ಕಷ್ಟ. ಬಗ್ಗದ ತಗಡನ್ನು ಬಲವಂತದಿಂದ ಕೂರಿಸಿದರೆ ಅಂಚಿನಲ್ಲಿ ಸಂದು ಉಳಿಯುತ್ತದೆ. ಸಂದಿನಲ್ಲಿ ನೀರು ನಿಂತು ಮತ್ತೆ ತುಕ್ಕು ಶುರು.

ಆದರೆ ಸೀಟಿನ ಬೋಲ್ಟ್, ಸೀಟ್ ಬೆಲ್ಟ್ ಬೋಲ್ಟ್, ಪೆಡಲ್ ಬ್ರಾಕೆಟ್ ಕೂರುವ ಜಾಗಗಳಿಗೆ ಬರೀ 1.2 ಎಂಎಂ ಸಾಲದು. ಅಲ್ಲಿ ಕೆಳಗಿನಿಂದ 2.5 ಅಥವಾ 3 ಎಂಎಂ ಪಟ್ಟಿ ಕೊಟ್ಟು ಬೋಲ್ಟ್ ಹಾಕಬೇಕು. ಗಟ್ಟಿ ಬ್ರೇಕ್ ಒತ್ತಿದಾಗ ಡ್ರೈವರ್‌ನ ಇಡೀ ಭಾರ ಆ ಬೋಲ್ಟ್‌ಗಳ ಮೇಲೇ ಬೀಳುವುದು. ಕ್ಯಾಬಿನ್ ಚಾಸಿಗೆ ಕೂರುವ ಮೌಂಟಿಂಗ್ ಜಾಗ ತುಕ್ಕು ಹಿಡಿದಿದ್ದರೆ ಅದನ್ನು ತೇಪೆಯಲ್ಲಿ ಮುಚ್ಚಬೇಡಿ. ಆ ಭಾಗವನ್ನೇ ಬದಲಿಸಬೇಕು.

ಕ್ಯಾಬಿನ್ ತಳದ ತೂತನ್ನು "ಇರಲಿ ಬಿಡು, ಗಾಳಿ ಬರ್ತದ" ಅಂತ ಬಿಡುವವರೂ ಇದ್ದಾರೆ. ಬರುವುದು ಗಾಳಿ ಮಾತ್ರ ಅಲ್ಲ. ಸೈಲೆನ್ಸರ್ ಪೈಪ್ ಎಲ್ಲಾದರೂ ಸೋರುತ್ತಿದ್ದರೆ ಹೊಗೆ ಅದೇ ತೂತಿನಿಂದ ಒಳಗೆ ಬರುತ್ತದೆ. ಅದರಲ್ಲಿರುವ ಕಾರ್ಬನ್ ಮಾನಾಕ್ಸೈಡ್‌ಗೆ ಬಣ್ಣ ಇಲ್ಲ, ವಾಸನೆ ಇಲ್ಲ. ಗಾಜು ಏರಿಸಿಕೊಂಡು ರಾತ್ರಿ ಗಾಡಿ ಓಡಿಸುವವರಿಗೆ ತಲೆನೋವು, ಮಂಪರು ತಂದು ಜೀವಕ್ಕೇ ಎರವಾಗಬಹುದು.

ಹಿಂದಿನ ತಳ: ಮಾಲು ನೋಡಿ ದಪ್ಪ

ಸಣ್ಣ ಗಾಡಿಗಳ ಹಿಂದಿನ ತಳ ನೋಡಿದ್ದೀರಲ್ಲ, ಉದ್ದಕ್ಕೆ ಏರು ತಗ್ಗು ಇರುವ ತಗಡು. ಅದು ಚೆಂದಕ್ಕೆ ಮಾಡಿದ್ದಲ್ಲ. ಒಂದು ಕಾಗದವನ್ನು ಚಪ್ಪಟೆ ಹಿಡಿದರೆ ಜೋತು ಬೀಳುತ್ತದೆ, ಬೀಸಣಿಗೆಯ ಹಾಗೆ ಮಡಿಚಿದರೆ ನೆಟ್ಟಗೆ ನಿಲ್ಲುತ್ತದೆ. ಅದೇ ತಂತ್ರ ಇಲ್ಲೂ. ಹಾಗಾಗಿ ಕಂಪನಿ ತಗಡನ್ನು ಅಳೆದಾಗ 1.2 ಎಂಎಂ ಬಂತು ಅಂತ 1.2 ಎಂಎಂ ಚಪ್ಪಟೆ ಶೀಟ್ ತಂದು ಹಾಕಿದರೆ ಕೆಲಸಕ್ಕೆ ಬರುವುದಿಲ್ಲ. ಏರು ತಗ್ಗಿನ ಬಲ ಹೋದ ಮೇಲೆ ದಪ್ಪ ಹೆಚ್ಚಿಸಬೇಕು, ಇಲ್ಲವೇ ಕೆಳಗೆ ಆಧಾರ ಹೆಚ್ಚಿಸಬೇಕು.

ಚಪ್ಪಟೆ ಶೀಟ್ ಹಾಕಿಸುವವರಿಗೆ ಒಂದು ಅಂದಾಜು:

ಕಿರಾಣಿ, ಬಟ್ಟೆ, ತರಕಾರಿ ಕ್ರೇಟ್, ಬೇಕರಿ ಸಾಮಾನು ಸಾಗಿಸುವ ಸಣ್ಣ ಗಾಡಿ: 1.6ರಿಂದ 2 ಎಂಎಂ.

ಮೆಣಸಿನಕಾಯಿ, ಹತ್ತಿ: 2 ಎಂಎಂ. ಬ್ಯಾಡಗಿ ಮಾರುಕಟ್ಟೆಗೆ ಹೋಗುವ ಗಾಡಿ ನೋಡಿ. ತೂಕ ತುಂಬುವ ಮೊದಲೇ ಜಾಗ ತುಂಬುತ್ತದೆ. ಅಂಥ ಗಾಡಿಗೆ 5 ಎಂಎಂ ತಳ ಯಾಕೆ?

ಗೋವಿನಜೋಳ, ಗೊಬ್ಬರ, ಸಿಮೆಂಟ್ ಚೀಲ: 2ರಿಂದ 2.5 ಎಂಎಂ.

ಎಣ್ಣೆ ಡ್ರಮ್, ಗ್ಯಾಸ್ ಸಿಲಿಂಡರ್, ಮೋಟಾರ್, ಯಂತ್ರದ ಸಾಮಾನು: 3 ಎಂಎಂ. ಇವುಗಳ ಭಾರ ಚೀಲದ ಹಾಗೆ ಹರಡಿ ಕೂರುವುದಿಲ್ಲ. ಒಂದು ಅಂಚಿನ ಮೇಲೆ, ಒಂದು ಕಾಲಿನ ಮೇಲೆ ಕೂರುತ್ತದೆ.

ಜಲ್ಲಿ, ಸೈಜುಗಲ್ಲು, ಎಂ ಸ್ಯಾಂಡ್ ಹೊಡೆಯುವ ಸಣ್ಣ ಟಿಪ್ಪರ್: 4ರಿಂದ 6 ಎಂಎಂ. ಇಲ್ಲಿ ಭಾರಕ್ಕಿಂತ ಹೊಡೆತ ಮತ್ತು ಸವೆತ ಮುಖ್ಯ. ಪ್ರತಿ ಸಲ ಟಿಪ್ಪರ್ ಎತ್ತಿದಾಗ ಕಲ್ಲು ತಳವನ್ನು ಉಜ್ಜಿಕೊಂಡೇ ಇಳಿಯುತ್ತದೆ. ದೊಡ್ಡ ಟಿಪ್ಪರ್‌ಗಳ ತಳ ಇನ್ನೂ ದಪ್ಪ ಇರುತ್ತದೆ. ಕೆಲವಕ್ಕೆ ಹಾರ್ಡಾಕ್ಸ್‌ನಂಥ ಸವೆತ ತಡೆಯುವ ಗಟ್ಟಿ ಉಕ್ಕು ಹಾಕಿರುತ್ತಾರೆ. ಅಂಥ ತಳಕ್ಕೆ ಸಾದಾ ಪ್ಲೇಟಿನ ತೇಪೆ ಹಾಕಿದರೆ ತೇಪೆ ಬೇಗ ಸವೆದು ಹೋಗುತ್ತದೆ. ಮೊದಲು ಯಾವ ಉಕ್ಕು, ಎಷ್ಟು ದಪ್ಪ ಇತ್ತೋ ಅದನ್ನೇ ಹಾಕಿಸಬೇಕು.

ಹಳೇ ಲಾರಿಗಳ ಮಾತು ಬೇರೆ. ಬಹಳಷ್ಟು ಹಳೇ ಬಾಡಿಗಳಲ್ಲಿ ಅಡ್ಡ ತೊಲೆಗಳ ಮೇಲೆ ಮರದ ಹಲಗೆ, ಹಲಗೆಯ ಮೇಲೆ ತಗಡು. ಅಲ್ಲಿ ಭಾರ ಹೊರುವುದು ಹಲಗೆ, ತಗಡು ಬರೀ ಹೊದಿಕೆ. 1.6ರಿಂದ 2 ಎಂಎಂ ಸಾಕು. ಆದರೆ ಹಲಗೆ ಕೊಳೆತಿದ್ದರೆ ಮೇಲೆ ಎಂಥ ತಗಡು ಹೊಡೆದರೂ ವ್ಯರ್ಥ. ಮೊದಲು ಹಲಗೆ ಬದಲಿಸಿ, ಆಮೇಲೆ ತಗಡು.

ದಪ್ಪಕ್ಕಿಂತ ಆಧಾರ ದೊಡ್ಡದು

ತಗಡಿನ ಬಲದ ಹಿಂದೆ ಒಂದು ಸರಳ ಲೆಕ್ಕ ಇದೆ. ದಪ್ಪ ಎರಡು ಪಟ್ಟಾದರೆ ತಗಡು ಬಗ್ಗದೆ ನಿಲ್ಲುವ ಬಲ ಎಂಟು ಪಟ್ಟಾಗುತ್ತದೆ. 2 ಎಂಎಂ ಬದಲು 3 ಎಂಎಂ ಹಾಕಿದರೆ ಬಿಗಿತ ಸುಮಾರು 3.4 ಪಟ್ಟು, ತೂಕ ಒಂದೂವರೆ ಪಟ್ಟು. ಇದನ್ನು ಕೇಳಿ "ಹಂಗಾರ ದಪ್ಪ ಹಾಕೂದೇ ಚಲೋ" ಅನ್ನಿಸಬಹುದು.

ಆದರೆ ಇನ್ನೊಂದು ಲೆಕ್ಕವನ್ನೂ ನೋಡಿ. ಕೆಳಗಿನ ಎರಡು ಅಡ್ಡ ಚಾನೆಲ್‌ಗಳ ನಡುವಿನ ಅಂತರ ಅರ್ಧಕ್ಕೆ ಇಳಿದರೆ, ನಡುವೆ ಬೀಳುವ ಭಾರಕ್ಕೆ ತಗಡು ಬಗ್ಗುವುದು ಸರಿಸುಮಾರು ಎಂಟನೇ ಒಂದು ಭಾಗಕ್ಕೆ ಇಳಿಯುತ್ತದೆ. ಅಂದರೆ ಅದೇ ತಗಡು ಎಂಟು ಪಟ್ಟು ಬಿಗಿಯಾದ ಹಾಗೆ.

ಉದಾಹರಣೆಗೆ 7 ಅಡಿ ಉದ್ದ, 5 ಅಡಿ ಅಗಲದ ಸಣ್ಣ ಗಾಡಿಯ ತಳ. ಕೆಳಗೆ ಐದು ಅಡ್ಡ ಚಾನೆಲ್, ನಡುವೆ 21 ಇಂಚಿನ ನಾಲ್ಕು ಸಂದು ಇವೆ ಅಂದುಕೊಳ್ಳಿ. ಪ್ರತಿ ಸಂದಿನ ನಡುವೆ 40 x 40 x 5 ಎಂಎಂ ಆ್ಯಂಗಲ್ ಒಂದೊಂದು ಸೇರಿಸಿದರೆ ನಾಲ್ಕು ಆ್ಯಂಗಲ್ ಸೇರಿ ತೂಕ ಸುಮಾರು 18 ಕೆಜಿ. ಅದರ ಬದಲು 2 ಎಂಎಂ ತಗಡನ್ನು 3 ಎಂಎಂ ಮಾಡಿದರೆ ಹೆಚ್ಚುವ ತೂಕ ಸುಮಾರು 25 ಕೆಜಿ. 25 ಕೆಜಿಗೆ 3.4 ಪಟ್ಟು ಬಿಗಿ, 18 ಕೆಜಿಗೆ 8 ಪಟ್ಟು ಬಿಗಿ. ಯಾವುದು ಲಾಭ ಅಂತ ನೀವೇ ಹೇಳಿ.

ಹಳೇ ಗಾಡಿಗಳಲ್ಲಿ ತಗಡಿನ ಜೊತೆ ಅಡ್ಡ ಚಾನೆಲ್ಲೂ ತುಕ್ಕು ತಿಂದಿರುತ್ತದೆ. ಮೇಲಿಂದ ಕಾಣುವುದಿಲ್ಲ. ಸತ್ತ ಚಾನೆಲ್ ಮೇಲೆ 5 ಎಂಎಂ ಪ್ಲೇಟ್ ಬೆಸುಗೆ ಹಾಕಿದರೆ ಸತ್ತ ಚಾನೆಲ್‌ಗೆ ಇನ್ನಷ್ಟು ಭಾರ ಹೇರಿದ ಹಾಗೆ. ಅದಕ್ಕೇ ತಗಡು ಬಿಚ್ಚಿದ ಮೇಲೆ ಶೆಡ್‌ಗೆ ನೀವೇ ಹೋಗಿ ಚಾನೆಲ್ ನೋಡಿ. ಸಾಧ್ಯವಾದರೆ ಫೋಟೋ ತೆಗೆದಿಟ್ಟುಕೊಳ್ಳಿ. ಅದು ಸರಿ ಇದ್ದ ಮೇಲೆಯೇ ಹೊಸ ಶೀಟ್ ಕೂರಬೇಕು. ಇನ್ನೊಂದು ಮಾತು. ಆಧಾರ ಕೊಡುವ ನೆಪದಲ್ಲಿ ಚಾಸಿಯ ಉದ್ದ ತೊಲೆಗೆ ಎಲ್ಲೆಂದರಲ್ಲಿ ಬೆಸುಗೆ ಹಾಕಿಸಬೇಡಿ. ಬೆಸುಗೆಯ ಬಿಸಿಗೆ ಆ ಜಾಗ ದುರ್ಬಲವಾಗಿ ಬಿರುಕು ಬಿಡಬಹುದು. ತಳದ ಕೆಲಸ ಬಾಡಿಯ ಚಾನೆಲ್‌ಗಳ ಮಟ್ಟಕ್ಕೇ ಮುಗಿಯಲಿ.

ದಪ್ಪ ತಗಡು ತಿನ್ನುವ ಲೋಡು

ಉಕ್ಕಿನ ತೂಕದ ಸೂತ್ರ ಸುಲಭ. 1 ಎಂಎಂ ದಪ್ಪ, 1 ಚದರ ಮೀಟರ್ ತಗಡು ಅಂದರೆ 7.85 ಕೆಜಿ. ಮೇಲೆ ಹೇಳಿದ 7 x 5 ಅಡಿಯ ತಳ ಸುಮಾರು 3.25 ಚದರ ಮೀಟರ್. ಪ್ರತಿ ಎಂಎಂ ದಪ್ಪಕ್ಕೆ 25.5 ಕೆಜಿ. 2 ಎಂಎಂ ಹಾಕಿದರೆ 51 ಕೆಜಿ, 3 ಎಂಎಂ ಹಾಕಿದರೆ 77 ಕೆಜಿ, 5 ಎಂಎಂ ಹಾಕಿದರೆ 128 ಕೆಜಿ.

ಅಂದರೆ 2 ಎಂಎಂ ಸಾಕಾಗುವ ಕಡೆ 5 ಎಂಎಂ ಹಾಕಿಸಿದರೆ 77 ಕೆಜಿ ಹೆಚ್ಚುವರಿ ಕಬ್ಬಿಣವನ್ನು ದಿನಾ ಹೊತ್ತು ತಿರುಗಬೇಕು. ಒಂದೂವರೆ ಸಿಮೆಂಟ್ ಚೀಲದ ತೂಕ. 750 ಕೆಜಿ ಹೊರುವ ಗಾಡಿಯಲ್ಲಿ ಇದು ಹತ್ತರಲ್ಲಿ ಒಂದು ಪಾಲು. ಖಾಲಿ ಬರುವಾಗಲೂ ಡೀಸೆಲ್ ಅದಕ್ಕೆ ಸುಡುತ್ತದೆ. 17 x 7 ಅಡಿಯ ಲಾರಿ ತಳವಾದರೆ ಪ್ರತಿ ಎಂಎಂಗೆ ಸುಮಾರು 87 ಕೆಜಿ. 3 ಬದಲು 5 ಎಂಎಂ ಹಾಕಿದರೆ 174 ಕೆಜಿ ಹೆಚ್ಚು.

ಇದು ಬರೀ ಬಾಡಿಗೆಯ ಪ್ರಶ್ನೆಯಲ್ಲ. ಆರ್‌ಸಿಯಲ್ಲಿ ಗಾಡಿಯ ಒಟ್ಟು ತೂಕದ ಮಿತಿ ಬರೆದಿರುತ್ತದೆ. ತಳದ ತೂಕ ಹೆಚ್ಚಿದರೂ ಆ ಮಿತಿ ಹೆಚ್ಚುವುದಿಲ್ಲ. ಹಳೇ ಲೆಕ್ಕದಲ್ಲೇ ಚೀಲ ಹೇರಿದರೆ ಕಾಟಾದಲ್ಲಿ ಓವರ್‌ಲೋಡ್ ತೋರಿಸುತ್ತದೆ. 2019ರಲ್ಲಿ ತಿದ್ದುಪಡಿಯಾದ ಮೋಟಾರು ವಾಹನ ಕಾಯ್ದೆಯ 194ನೇ ಕಲಮಿನ ಪ್ರಕಾರ ಓವರ್‌ಲೋಡ್‌ಗೆ 20,000 ರೂಪಾಯಿ ದಂಡ, ಮೇಲೆ ಪ್ರತಿ ಹೆಚ್ಚುವರಿ ಟನ್‌ಗೆ 2,000 ರೂಪಾಯಿ. ತಳ ಬದಲಿಸಿದ ಮೇಲೆ ಒಂದು ಸಲ ಖಾಲಿ ಗಾಡಿಯನ್ನು ವೇ ಬ್ರಿಡ್ಜ್ ಮೇಲೆ ನಿಲ್ಲಿಸಿ ತೂಕದ ಚೀಟಿ ಇಟ್ಟುಕೊಳ್ಳುವುದು ಒಳ್ಳೆಯದು.

ಎಂಟು ವರ್ಷ ದಾಟಿದ ಸಾರಿಗೆ ವಾಹನಗಳಿಗೆ ಪ್ರತಿ ವರ್ಷ ಎಫ್‌ಸಿ ಆಗಬೇಕು ಅನ್ನುವುದು ಮಾಲೀಕರಿಗೆ ಗೊತ್ತೇ ಇದೆ. ತಳದ ರಿಪೇರಿ ರಿಪೇರಿಯೇ. ಆದರೆ ಇದೇ ನೆಪದಲ್ಲಿ ಬಾಡಿಯ ಉದ್ದ, ಎತ್ತರ ಬದಲಿಸಿದರೆ ಅದು ಮಾರ್ಪಾಡು. ಅದಕ್ಕೆ ಆರ್‌ಟಿಓ ಅನುಮತಿ ಬೇಕು.

ತೇಪೆಯೋ, ಪೂರ್ತಿ ಶೀಟೋ?

ಒಂದೆರಡು ಕಡೆ ಮಾತ್ರ ತೂತಾಗಿದ್ದರೆ ತೇಪೆ ಸಾಕು. ತೇಪೆಯ ನಿಯಮ: ಹಳೇ ತಗಡು ಎಷ್ಟಿದೆಯೋ ಅಷ್ಟೇ, ಹೆಚ್ಚೆಂದರೆ ಅದಕ್ಕಿಂತ ಒಂದು ಗೇಜ್ ದಪ್ಪ. 1.2 ಎಂಎಂ ತಗಡಿಗೆ 3 ಎಂಎಂ ತೇಪೆ ಹಾಕಿದರೆ ಬೆಸುಗೆಯ ಬಿಸಿ ದಪ್ಪ ತಗಡಿಗೆ ಸಾಲದೆ, ತೆಳು ತಗಡಿಗೆ ಹೆಚ್ಚಾಗಿ, ಅಂಚು ಸುಟ್ಟು ತೂತಾಗುತ್ತದೆ. ಹೇಗೋ ಕೂರಿಸಿದರೂ ಗಾಡಿ ಅಲುಗಾಡುವಾಗ ದಪ್ಪ ತೇಪೆ ಬಗ್ಗುವುದಿಲ್ಲ, ಪಕ್ಕದ ತೆಳು ತಗಡು ಬಗ್ಗುತ್ತದೆ. ಕೆಲವೇ ತಿಂಗಳಲ್ಲಿ ಬೆಸುಗೆಯ ಪಕ್ಕದಲ್ಲೇ ಸೀಳುತ್ತದೆ.

ತೇಪೆಯ ಮೂಲೆಗಳನ್ನು ದುಂಡಗೆ ಕತ್ತರಿಸಲು ಹೇಳಿ. ಚೂಪು ಮೂಲೆಯಿಂದಲೇ ಬಿರುಕು ಶುರುವಾಗುವುದು. ಹಳೇ ತುಕ್ಕು ತಗಡಿನ ಮೇಲೆಯೇ ಹೊಸ ಶೀಟ್ ಹಾಸಿ ಬೆಸುಗೆ ಹಾಕುವುದು ಅಗ್ಗ, ಆದರೆ ಎರಡು ತಗಡುಗಳ ನಡುವೆ ನೀರು ಸೇರಿದರೆ ಒಣಗುವುದೇ ಇಲ್ಲ. ಹೊಸ ಶೀಟ್ ಕೆಳಗಿನಿಂದ ಕೊಳೆಯುತ್ತದೆ. ತಳದ ಮೂರನೇ ಒಂದು ಭಾಗಕ್ಕಿಂತ ಹೆಚ್ಚು ಹೋಗಿದ್ದರೆ ತೇಪೆಯ ಮೇಲೆ ತೇಪೆ ಬೇಡ, ಪೂರ್ತಿ ತೆಗೆಸಿ ಹಾಕಿಸುವುದೇ ಮೇಲು.

ಚಾವಣಿಗೆ ಹಾಕುವ ಕಲರ್ ಶೀಟ್ ಸಾಮಾನ್ಯವಾಗಿ 0.5 ಎಂಎಂ ಒಳಗೇ ಇರುತ್ತದೆ. ಅದು ಮಳೆ ತಡೆಯಲು ಮಾಡಿದ್ದು, ಮನುಷ್ಯನ ಕಾಲು ತಡೆಯಲು ಅಲ್ಲ. ತಳಕ್ಕೆ ಖಂಡಿತ ಬೇಡ.

ಯಾವ ಶೀಟ್? ಕಪ್ಪು, ಬಿಳಿ, ಜಿಐ, ಚೆಕ್ಕರ್

ಅಂಗಡಿಯಲ್ಲಿ ಸಿಗುವುದು ಮುಖ್ಯವಾಗಿ ನಾಲ್ಕು ಬಗೆ. ಸಿಆರ್ ಶೀಟ್ ನುಣುಪಾಗಿ ಬೆಳ್ಳಗಿರುತ್ತದೆ, ಚೆನ್ನಾಗಿ ಬಗ್ಗುತ್ತದೆ. ಕ್ಯಾಬಿನ್ ತಳಕ್ಕೆ ಇದು ಸರಿ. ಎಚ್‌ಆರ್ ಶೀಟ್ ಮೇಲೆ ಕಪ್ಪು ಪದರ ಇರುತ್ತದೆ. 2 ಎಂಎಂ ಮೇಲಿನ ಹಿಂದಿನ ತಳಕ್ಕೆ ಇದನ್ನೇ ಬಳಸುವುದು ಹೆಚ್ಚು. ಪೇಂಟ್ ಮಾಡುವ ಮೊದಲು ಆ ಕಪ್ಪು ಪದರವನ್ನು ಗ್ರೈಂಡರ್‌ನಲ್ಲಿ ಉಜ್ಜಿಸಬೇಕು. ಇಲ್ಲದಿದ್ದರೆ ಪದರದ ಜೊತೆ ಪೇಂಟೂ ಎದ್ದು ಬರುತ್ತದೆ.

ಜಿಐ ಶೀಟ್‌ಗೆ ಸತುವಿನ ಲೇಪ ಇರುತ್ತದೆ. 120 ಜಿಎಸ್‌ಎಂ ಅಂದರೆ ಎರಡೂ ಬದಿ ಸೇರಿ ಚದರ ಮೀಟರ್‌ಗೆ 120 ಗ್ರಾಂ ಸತು. 275 ಜಿಎಸ್‌ಎಂ ಆದರೆ ಲೇಪ ಎರಡು ಪಟ್ಟಿಗಿಂತ ಹೆಚ್ಚು, ಬಾಳಿಕೆಯೂ ಹೆಚ್ಚು. ಘಟ್ಟದ ಕೆಳಗಿನಿಂದ ಮೀನು ತರುವ ಗಾಡಿ, ಉಪ್ಪು, ಗೊಬ್ಬರ ಸಾಗಿಸುವ ಗಾಡಿಗಳಿಗೆ ಜಿಐ ಒಳ್ಳೆಯದು. ಆದರೆ ಬೆಸುಗೆ ಹಾಕುವಾಗ ಸತು ಸುಟ್ಟು ಬಿಳಿ ಹೊಗೆ ಏಳುತ್ತದೆ. ಆ ಹೊಗೆ ಕುಡಿದ ವೆಲ್ಡರ್‌ಗೆ ರಾತ್ರಿ ಚಳಿಜ್ವರ ಬರುತ್ತದೆ. ಬೆಸುಗೆಯ ಸಾಲಿನಲ್ಲಿ ಸತುವನ್ನು ಮೊದಲೇ ಉಜ್ಜಿ, ಬಯಲು ಗಾಳಿಯಲ್ಲಿ ಕೆಲಸ ಮಾಡಬೇಕು. ಸತು ಹೋದ ಜಾಗಕ್ಕೆ ಆಮೇಲೆ ಜಿಂಕ್ ಪ್ರೈಮರ್ ಹಚ್ಚಲೇಬೇಕು.

ಚೆಕ್ಕರ್ ಪ್ಲೇಟ್ ಸಾಮಾನ್ಯವಾಗಿ 3 ಎಂಎಂನಿಂದ ಮೇಲೆ ಸಿಗುತ್ತದೆ. ಹೇಳುವ ದಪ್ಪ ಉಬ್ಬು ಬಿಟ್ಟು ಇರುವ ದಪ್ಪ. ಹಾಗಾಗಿ ಅದೇ ಎಂಎಂನ ಸಾದಾ ಪ್ಲೇಟಿಗಿಂತ ಸ್ವಲ್ಪ ತೂಕ ಹೆಚ್ಚು ಬರುತ್ತದೆ. ಮಳೆಯಲ್ಲಿ ಕಾಲು ಜಾರುವುದಿಲ್ಲ ಅನ್ನುವುದು ಲಾಭ. ಚೀಲ ಎಳೆದರೆ ಉಬ್ಬಿಗೆ ಸಿಕ್ಕು ಹರಿಯುತ್ತದೆ ಅನ್ನುವುದು ನಷ್ಟ. ಚೀಲದ ವ್ಯಾಪಾರಿಗಳು ಡಾಲಾ ಹತ್ತಿರದ ಎರಡಡಿ ಮಾತ್ರ ಚೆಕ್ಕರ್ ಹಾಕಿಸಿ ಉಳಿದದ್ದು ಸಾದಾ ಹಾಕಿಸಿದರೆ ಎರಡೂ ಕೆಲಸ ಆಗುತ್ತದೆ.

ಅಲ್ಯೂಮಿನಿಯಂ ಚೆಕ್ಕರ್ ಶೀಟ್ ಹಗುರ, ಆದರೆ ಅದನ್ನು ನೇರವಾಗಿ ಕಬ್ಬಿಣದ ಮೇಲೆ ಕೂರಿಸಿದರೆ ಉಪ್ಪು ನೀರು ತಾಗಿದಾಗ ಎರಡು ಲೋಹ ಸೇರಿದ ಕಡೆ ಅಲ್ಯೂಮಿನಿಯಂ ತಿಂದು ಹೋಗುತ್ತದೆ. ನಡುವೆ ರಬ್ಬರ್ ಪಟ್ಟಿ ಅಥವಾ ದಪ್ಪ ಪೇಂಟ್ ಬೇಕು.

ಬಿಲ್ಲು ಕೊಡುವ ಮೊದಲು ತೂಕ ನೋಡಿ

8 x 4 ಅಡಿಯ ಒಂದು ಸಾದಾ ಶೀಟಿನ ತೂಕ ಇಷ್ಟಿರಬೇಕು:

1 ಎಂಎಂ: 23.3 ಕೆಜಿ
1.2 ಎಂಎಂ: 28 ಕೆಜಿ
1.6 ಎಂಎಂ: 37.3 ಕೆಜಿ
2 ಎಂಎಂ: 46.7 ಕೆಜಿ
2.5 ಎಂಎಂ: 58.3 ಕೆಜಿ
3 ಎಂಎಂ: 70 ಕೆಜಿ
4 ಎಂಎಂ: 93.3 ಕೆಜಿ
5 ಎಂಎಂ: 116.7 ಕೆಜಿ

ಕಾರ್ಖಾನೆಯಿಂದ ಬರುವಾಗಲೇ ದಪ್ಪದಲ್ಲಿ ಸ್ವಲ್ಪ ಹೆಚ್ಚು ಕಮ್ಮಿ ಇರುವುದು ಸಹಜ. ಆದರೆ "2 ಎಂಎಂ" ಅಂತ ಕೊಟ್ಟ ಶೀಟ್ 42 ಕೆಜಿ ತೂಗಿದರೆ ಅದು 1.8 ಎಂಎಂ ಅಂತ ಅರ್ಥ. ಶೀಟ್ ಲೆಕ್ಕದಲ್ಲಿ ದುಡ್ಡು ಕೊಟ್ಟಿದ್ದರೆ ಹಣವೂ ಹೋಯಿತು, ಬಲವೂ ಹೋಯಿತು. ಕೆಜಿ ಲೆಕ್ಕದಲ್ಲಿ ಕೊಟ್ಟಿದ್ದರೆ ಬಲ ಮಾತ್ರ ಹೋಯಿತು.

ಶೆಡ್‌ನಲ್ಲಿ ಮಾಲು, ಮಜೂರಿ ಸೇರಿಸಿ ಕೆಜಿಗೆ ಇಷ್ಟು ಅಂತ ಮಾತಾಡುವ ಪದ್ಧತಿಯೂ ಇದೆ. ಆ ಲೆಕ್ಕದಲ್ಲಿ ತಗಡು ದಪ್ಪವಾದಷ್ಟೂ ಬಿಲ್ಲು ದೊಡ್ಡದು. ಉದಾಹರಣೆಗೆ ಕೆಜಿಗೆ 100 ರೂಪಾಯಿ ಅಂತ ಇಟ್ಟುಕೊಳ್ಳೋಣ. 7 x 5 ಅಡಿ ತಳಕ್ಕೆ 5 ಎಂಎಂ ಹಾಕಿದರೆ 12,800 ರೂಪಾಯಿ. 2 ಎಂಎಂ ಶೀಟ್ ಮತ್ತು ನಾಲ್ಕು ಆ್ಯಂಗಲ್ ಹಾಕಿದರೆ 6,900 ರೂಪಾಯಿ. ಚೀಲದ ಮಾಲಿಗೆ ಎರಡನೆಯದು ಸಾಕು. ದರ ಏನೇ ಇರಲಿ, ಕೆಲಸಕ್ಕೆ ಬಿಡುವ ಮೊದಲು ಎಷ್ಟು ಎಂಎಂ, ಎಷ್ಟು ಚದರ ಅಡಿ, ಎಷ್ಟು ಕೆಜಿ ಅಂತ ಚೀಟಿಯಲ್ಲಿ ಬರೆಸಿಕೊಳ್ಳಿ.

ಬೆಸುಗೆಯವರ ಹತ್ತಿರ ಯಾವ ಮೆಷಿನ್ ಇದೆ?

ತಗಡಿನ ದಪ್ಪ ಮೆಷಿನ್ ಮೇಲೂ ನಿಂತಿದೆ. ರಾಡ್ ಹಚ್ಚುವ ಸಾದಾ ಆರ್ಕ್ ವೆಲ್ಡಿಂಗ್‌ನಲ್ಲಿ 1 ಅಥವಾ 1.2 ಎಂಎಂ ತಗಡು ತೂತಾಗದ ಹಾಗೆ ಹಚ್ಚುವುದು ಪಳಗಿದ ಕೈಗೂ ಕಷ್ಟ. 1.6 ಎಂಎಂ ಮೇಲಿನದಾದರೆ ಸಣ್ಣ ರಾಡ್‌ನಲ್ಲಿ, ಕರೆಂಟ್ ಇಳಿಸಿಕೊಂಡು ಮಾಡಬಹುದು. ಕ್ಯಾಬಿನ್ ತಳದ ತೆಳು ತಗಡಿಗೆ ಸಿಓ2 ವೆಲ್ಡಿಂಗ್ ಇರುವ ಶೆಡ್ ಹುಡುಕಿ. ಅಲ್ಲೂ ಒಂದೇ ಉಸಿರಿಗೆ ಉದ್ದಕ್ಕೆ ಎಳೆಯಬಾರದು. ಇಲ್ಲೊಂದು ಚುಕ್ಕೆ, ಅಲ್ಲೊಂದು ಚುಕ್ಕೆ ಹಾಕಿ ಆರಲು ಬಿಟ್ಟು ಸೇರಿಸಿಕೊಂಡು ಬಂದರೆ ತಗಡು ಸೊಟ್ಟಗಾಗುವುದಿಲ್ಲ.

ಬೆಸುಗೆಗೆ ಮುಂಚೆ ಬ್ಯಾಟರಿ ವೈರ್ ಬಿಚ್ಚಿಸಿ. ಹೊಸ ತರದ ಗಾಡಿಗಳಲ್ಲಿ ಇಂಜಿನ್ ಕಂಪ್ಯೂಟರ್ ಇರುತ್ತದೆ, ಬೆಸುಗೆಯ ಕರೆಂಟ್ ತಾಗಿದರೆ ಅದು ಸುಡಬಹುದು. ಅರ್ಥಿಂಗ್ ಕ್ಲಾಂಪ್ ಬೆಸುಗೆ ಹಾಕುವ ಜಾಗದ ಹತ್ತಿರವೇ ಇರಲಿ. ತಳದ ಕೆಳಗೆ ಡೀಸೆಲ್ ಪೈಪ್, ಬ್ರೇಕ್ ಪೈಪ್, ವೈರಿಂಗ್ ಹೋಗಿರುತ್ತವೆ. ಸರಿಸದೆ ಕಿಡಿ ಹಾರಿಸಬೇಡಿ. ಟ್ಯಾಂಕ್ ಹತ್ತಿರ ಕೆಲಸ ಇದ್ದರೆ ಟ್ಯಾಂಕ್ ಇಳಿಸಿಯೇ ಮಾಡಬೇಕು. ಮರಳಿನ ಬಕೆಟ್, ಬೆಂಕಿ ಆರಿಸುವ ಸಿಲಿಂಡರ್ ಪಕ್ಕದಲ್ಲಿರಲಿ.

ಹಾಕಿಸಿದ ಮೇಲೆ

ಬೆಸುಗೆಯ ಗೆರೆ ಉಜ್ಜಿ, ಎರಡೂ ಬದಿಗೆ ರೆಡ್ ಆಕ್ಸೈಡ್ ಅಥವಾ ಜಿಂಕ್ ಪ್ರೈಮರ್, ಸಂದುಗಳಿಗೆ ಸೀಲರ್, ಅದರ ಮೇಲೆ ಪೇಂಟ್. ಕೆಳಬದಿ ಬಿಟ್ಟು ಮೇಲೆ ಮಾತ್ರ ಬಣ್ಣ ಹೊಡೆದರೆ ಅರ್ಧ ಕೆಲಸ ಆದ ಹಾಗೆ. ನೀರು ಇಳಿದು ಹೋಗಲು ತಗ್ಗಿನ ಜಾಗದಲ್ಲಿ ತೂತು ಇರಲಿ, ಅದು ಮಣ್ಣಿನಿಂದ ಮುಚ್ಚಿಕೊಳ್ಳದ ಹಾಗೆ ನೋಡಿಕೊಳ್ಳಿ. ಗೊಬ್ಬರ, ಉಪ್ಪು, ಮೀನು ಸಾಗಿಸಿದ ದಿನವೇ ತಳವನ್ನು ಮೇಲೂ ಕೆಳಗೂ ತೊಳೆದು ಒಣಗಲು ಬಿಡಿ. ಒದ್ದೆ ಗೋಣಿಚೀಲ, ರಬ್ಬರ್ ಮ್ಯಾಟ್ ಹಾಸಿಯೇ ಬಿಡಬೇಡಿ. ಮಳೆಗಾಲದಲ್ಲಿ ಹಾನಗಲ್ ಕಡೆ ದಿನಾ ಓಡಾಡುವ ಗಾಡಿಗಳಿಗಂತೂ ಇದು ಬಹಳ ಮುಖ್ಯ.

ಶೆಡ್‌ಗೆ ಹೋಗುವ ಮೊದಲು ಈ ಐದು ಪ್ರಶ್ನೆಗೆ ಉತ್ತರ ಸಿದ್ಧ ಇರಲಿ. ಹಳೇ ತಗಡು ಎಷ್ಟು ಎಂಎಂ ಇತ್ತು? ಕೆಳಗಿನ ಅಡ್ಡ ಚಾನೆಲ್ ಗಟ್ಟಿ ಇದೆಯಾ, ಅಂತರ ಎಷ್ಟು? ವರ್ಷದಲ್ಲಿ ಹೆಚ್ಚು ದಿನ ಸಾಗಿಸುವ ಮಾಲು ಯಾವುದು? ಹೊಸ ತಳದಿಂದ ಎಷ್ಟು ಕೆಜಿ ಹೆಚ್ಚುತ್ತದೆ? ಶೆಡ್‌ನಲ್ಲಿರುವ ಮೆಷಿನ್ ಆ ದಪ್ಪಕ್ಕೆ ಹೊಂದುತ್ತದೆಯಾ? ಇಷ್ಟು ಗೊತ್ತಿದ್ದರೆ "ಎಷ್ಟು ಎಂಎಂ ಹಾಕೋಣ್ರಿ?" ಅಂದಾಗ ಅಂದಾಜಿನ ಮೇಲೆ ಉತ್ತರ ಹೇಳಬೇಕಾಗಿಲ್ಲ.